ಸೆಂಟ್‌ಓಎಸ್ 6: ಹೊಸ ಸರ್ವರ್ ಪೆಟ್ಟಿಗೆಯಲ್ಲೇ ಇದೆ, ಇನ್ನೆಷ್ಟು ದಿನ ಕಾಯಬೇಕು?

ತುಂಗಾತೀರ, ಶಿವಮೊಗ್ಗ | 20 ಜೂನ್ 2011, ಬೆಳಿಗ್ಗೆ 10.12

ಬಳಗದವರಿಗೆಲ್ಲ ನಮಸ್ಕಾರ. ರೆಡ್‌ಹ್ಯಾಟ್ ಕಂಪನಿ ಹಣಕ್ಕೆ ಕೊಡುವ ಸರ್ವರ್ ಆಪರೇಟಿಂಗ್ ಸಿಸ್ಟಮ್ ರೆಡ್‌ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 6 ಹೊರಬಂದದ್ದು ಕಳೆದ ವರ್ಷ ನವೆಂಬರ್ 10ರಂದು. ಇವತ್ತಿಗೆ 222 ದಿನಗಳಾದವು. ಅದರ ಸೋರ್ಸ್‌ನಿಂದಲೇ, ಅಂದರೆ ಬಹಿರಂಗವಾಗಿರುವ ಮೂಲ ಕೋಡ್‌ನಿಂದಲೇ, ಸ್ವಯಂಸೇವಕರು ಕಟ್ಟಿ ಉಚಿತವಾಗಿ ಕೊಡಬೇಕಾದ ಸೆಂಟ್‌ಓಎಸ್ 6 ಮಾತ್ರ ಇನ್ನೂ ಬಂದಿಲ್ಲ. 2007ರಲ್ಲಿ ರೆಡ್‌ಹ್ಯಾಟ್ 5 ಬಂದದ್ದು ಮಾರ್ಚ್ 14ಕ್ಕೆ, ಸೆಂಟ್‌ಓಎಸ್ 5 ಬಂದದ್ದು ಏಪ್ರಿಲ್ 12ಕ್ಕೆ. ಆಗ ಪೂರ್ತಿ ಒಂದು ತಿಂಗಳೂ ಹಿಡಿದಿರಲಿಲ್ಲ. ಆ ಲೆಕ್ಕವನ್ನೇ ನಂಬಿಕೊಂಡು ನಾನು ನಮ್ಮ ಕಾಲೇಜಿನ ಪ್ರಾಂಶುಪಾಲರಿಗೆ, ಜನವರಿಯೊಳಗೆ ಹೊಸದು ಬಂದುಬಿಡುತ್ತದೆ ಸರ್ ಎಂದು ಮಾತು ಕೊಟ್ಟುಬಿಟ್ಟೆ.

ಫೆಬ್ರವರಿಯಲ್ಲಿ ಎರಡು ಹೊಸ ಸರ್ವರ್‌ಗಳು ಬಂದವು. ಅವು ಇಂದಿಗೂ ಪ್ರಯೋಗಾಲಯದ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಯೊಳಗೇ ಕುಳಿತಿವೆ. ಅವುಗಳ ಮೂರು ವರ್ಷದ ವಾರಂಟಿಯನ್ನು ಎಣಿಸುವುದು ಬಿಲ್ಲಿನ ದಿನಾಂಕದಿಂದಲೇ ಹೊರತು ಪೆಟ್ಟಿಗೆ ಬಿಚ್ಚಿದ ದಿನದಿಂದಲ್ಲ. ಪ್ರಾಂಶುಪಾಲರು ಸೋಮವಾರ ಸೋಮವಾರ ಕೇಳುತ್ತಾರೆ, ನಾನು ಸೋಮವಾರ ಸೋಮವಾರ ಅದೇ ಉತ್ತರ ಹೇಳುತ್ತೇನೆ. ಇವತ್ತೂ ಸೋಮವಾರ. ಕಾಯುವುದೋ, ಈಗಿರುವ ಸೆಂಟ್‌ಓಎಸ್ 5.6ನ್ನೇ ಹಾಕಿ ಮುಗಿಸುವುದೋ, ಬೇರೆ ದಾರಿ ಹಿಡಿಯುವುದೋ, ತಿಳಿದವರು ಹೇಳಬೇಕು.

ಪಿಂಗ್‌ಪುಟ್ಟ | 20 ಜೂನ್ 2011, ಬೆಳಿಗ್ಗೆ 10.20

ಸಿದ್ಧವಾದಾಗ ಬರುತ್ತದೆ. ಇದು ನನ್ನ ಉತ್ತರವಲ್ಲ, ಏಳು ತಿಂಗಳಿಂದ ಸೆಂಟ್‌ಓಎಸ್‌ನವರಿಂದ ಸಿಗುತ್ತಿರುವ ಉತ್ತರ.

ರೂಟ್‌ರಾಯ, ಬೆಂಗಳೂರು | 20 ಜೂನ್ 2011, ಬೆಳಿಗ್ಗೆ 10.47

ತುಂಗಾತೀರ ಅವರೇ, ನಿಮಗೆ 6ರಲ್ಲಿ ನಿಜವಾಗಿ ಬೇಕಾಗಿರುವುದು ಏನು ಎಂಬುದನ್ನು ಮೊದಲು ಹೇಳಿ. ಬಹಳಷ್ಟು ಜನ ಜಾಲತಾಣಗಳನ್ನು ನಡೆಸುವ ಪಿಎಚ್‌ಪಿ ಭಾಷೆಯ ಹೊಸ ಆವೃತ್ತಿ ಬೇಕೆಂಬ ಒಂದೇ ಕಾರಣಕ್ಕೆ ಕಾಯುತ್ತಿದ್ದಾರೆ. ಸೆಂಟ್‌ಓಎಸ್ 5ರ ಮೂಲ ಪಿಎಚ್‌ಪಿ 5.1.6 ಎಂಬುದು ನಿಜ, ಜಾಲತಾಣ ಕಟ್ಟುವ ತಂತ್ರಾಂಶ ಡ್ರುಪಲ್ 7ಕ್ಕೆ ಕನಿಷ್ಠ 5.2.5 ಬೇಕೆಂಬುದೂ ನಿಜ. ಆದರೆ ಏಪ್ರಿಲ್‌ನಲ್ಲಿ ಬಂದ 5.6ರಲ್ಲಿ ಪಿಎಚ್‌ಪಿ53 ಎಂಬ ಪ್ರತ್ಯೇಕ ಪ್ಯಾಕೇಜ್ ಇದೆ. ಅದರ ಆವೃತ್ತಿ 5.3.3. ನೀವು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿರುವ 6ರಲ್ಲಿ ಇರುವುದೂ ಅದೇ 5.3 ಸರಣಿಯದು. ಹಳೆಯ ಪಿಎಚ್‌ಪಿ ಪ್ಯಾಕೇಜ್‌ಗಳನ್ನು ತೆಗೆದು ಇದನ್ನು ಹಾಕಿಕೊಂಡರೆ ಅರ್ಧ ಗಂಟೆಯ ಕೆಲಸ. ಎಂಕ್ರಿಪ್ಟ್ ಎಂಬ ಗೂಢಲಿಪಿಯ ಜೋಡಣೆ ಬೇಕಾದರೆ ಎಪೆಲ್ ಎಂಬ ಹೆಚ್ಚುವರಿ ಪ್ಯಾಕೇಜ್‌ಗಳ ಭಂಡಾರದಿಂದ ತರಬೇಕಾಗುತ್ತದೆ, ಅಷ್ಟೇ.

ತುಂಗಾತೀರ, ಶಿವಮೊಗ್ಗ | 20 ಜೂನ್ 2011, ಬೆಳಿಗ್ಗೆ 11.30

ರಾಯರೇ, ಪಿಎಚ್‌ಪಿ ಒಂದೇ ಆಗಿದ್ದರೆ ನಾನೂ ನಿಮ್ಮ ಮಾತಿಗೆ ತಲೆಬಾಗುತ್ತಿದ್ದೆ. ರೆಡ್‌ಹ್ಯಾಟ್ ಒಂದೊಂದು ಆವೃತ್ತಿಗೆ ಕೊಡುವುದು ಏಳು ವರ್ಷದ ಬೆಂಬಲ. ಆ ಪ್ರಕಾರ 5ರ ಆಯುಸ್ಸು 2014ರ ಮಾರ್ಚ್‌ಗೆ ಮುಗಿಯುತ್ತದೆ. ಇವತ್ತು 5 ಹಾಕಿದರೆ ಸರ್ವರಿನ ವಾರಂಟಿ ಮುಗಿಯುವ ಹೊತ್ತಿಗೇ ಅಪ್‌ಡೇಟ್‌ಗಳೂ ಮುಗಿಯುತ್ತವೆ. 5ರಿಂದ 6ಕ್ಕೆ ಇದ್ದಲ್ಲಿಯೇ ಏರುವುದಕ್ಕೆ ರೆಡ್‌ಹ್ಯಾಟ್‌ನ ಬೆಂಬಲವೇ ಇಲ್ಲ, ಹೊಸದಾಗಿ ಹಾಕಬೇಕು. ಸೆಮಿಸ್ಟರ್ ನಡುವೆ ಫಲಿತಾಂಶದ ಡೇಟಾಬೇಸನ್ನು ಇಳಿಸಿ ಮತ್ತೆ ಏರಿಸುವ ಕೆಲಸ ಒಂದು ಸಲ ಮಾಡಿದವರಿಗೆ ಎರಡನೆಯ ಸಲ ಮಾಡಲು ಮನಸ್ಸು ಬರುವುದಿಲ್ಲ.

ಇನ್ನೊಂದು ಕಾರಣ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ. ನಮ್ಮ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ 2.6 ಬೇಕು, 5ರಲ್ಲಿ ಇರುವುದು 2.4.

ಹುಬ್ಬಳ್ಳಿಯವ | 20 ಜೂನ್ 2011, ಮಧ್ಯಾಹ್ನ 12.05

ಪೈಥಾನ್ ಎಂದಿರಿ, ನನ್ನ ಹಳೆಯ ಗಾಯ ಕೆದಕಿದಿರಿ. ಹೋದ ವರ್ಷ ನಾನೂ ಜಾಣತನ ತೋರಿಸಲು ಹೋಗಿ, ಸೋರ್ಸ್‌ನಿಂದ 2.6 ಕಂಪೈಲ್ ಮಾಡಿ, ಬಿನ್ ಡೈರೆಕ್ಟರಿಯಲ್ಲಿದ್ದ ಪೈಥಾನಿನ ಕೊಂಡಿಯನ್ನು ಹೊಸದರ ಕಡೆಗೆ ತಿರುಗಿಸಿಬಿಟ್ಟೆ. ಯಮ್ ಎಂಬ ಪ್ಯಾಕೇಜ್ ಮ್ಯಾನೇಜರ್ ಬರೆಯಲ್ಪಟ್ಟಿರುವುದೇ ಪೈಥಾನಿನಲ್ಲಿ, ಅದು ನಂಬಿರುವುದು 2.4ನ್ನು. ಮರುಕ್ಷಣದಿಂದ ಯಮ್ ಮಾತನಾಡುವುದನ್ನು ನಿಲ್ಲಿಸಿತು. ಏನನ್ನಾದರೂ ಸರಿಪಡಿಸಲು ಹೊಸ ಪ್ಯಾಕೇಜ್ ಬೇಕು, ಪ್ಯಾಕೇಜ್ ತರಲು ಯಮ್ ಬೇಕು, ಯಮ್‌ಗೆ ಹಳೆಯ ಪೈಥಾನ್ ಬೇಕು. ಕೊಂಡಿಯನ್ನು ಹಿಂದಕ್ಕೆ ತಿರುಗಿಸಿದರೆ ಸಾಕೆಂಬುದು ಹೊಳೆಯಲು ನನಗೆ ರಾತ್ರಿ ಹನ್ನೊಂದಾಯಿತು. ಹೊಸ ಪೈಥಾನ್ ಬೇಕಾದವರು ಪಕ್ಕದಲ್ಲಿ ಬೇರೆ ಹೆಸರಿನಲ್ಲಿ ಹಾಕಿಕೊಳ್ಳಿ, ವ್ಯವಸ್ಥೆಯದನ್ನು ಮುಟ್ಟಬೇಡಿ.

ಕಡಲತಡಿ, ಮಂಗಳೂರು | 20 ಜೂನ್ 2011, ಮಧ್ಯಾಹ್ನ 2.40

ನೀವೆಲ್ಲ 6 ಯಾವಾಗ, 6 ಯಾವಾಗ ಎಂದು ಕೇಳುತ್ತಿದ್ದೀರಿ. ನನ್ನ ದೂರು ಬೇರೆಯೇ ಇದೆ ಮಾರಾಯರೇ. ಹೊಸದು ಬರದಿದ್ದರೆ ಹಳೆಯದರಲ್ಲಿ ಇರಬಹುದು. ಆದರೆ ಹಳೆಯದಕ್ಕೂ ಭದ್ರತಾ ಪ್ಯಾಚ್ ಬರದಿದ್ದರೆ ಏನು ಮಾಡುವುದು? ರೆಡ್‌ಹ್ಯಾಟ್ 5.6 ಬಂದದ್ದು ಜನವರಿ 13ಕ್ಕೆ, ಸೆಂಟ್‌ಓಎಸ್ 5.6 ಬಂದದ್ದು ಏಪ್ರಿಲ್ 8ಕ್ಕೆ. ನಡುವಿನ 85 ದಿನಗಳಲ್ಲಿ ರೆಡ್‌ಹ್ಯಾಟ್ ಹೊರಬಿಟ್ಟ ತಿದ್ದುಪಡಿಗಳು 5.6ರ ಮೇಲೆ ಕಟ್ಟಿದವು. 5.5ರಲ್ಲಿ ಕುಳಿತ ನಮಗೆ ಅವು ತಲುಪಲಿಲ್ಲ.

ನಾನಿರುವುದು ಒಂದು ಚಿಕ್ಕ ಹೋಸ್ಟಿಂಗ್ ಕಂಪನಿಯಲ್ಲಿ. ಮಾರ್ಚ್‌ನಲ್ಲಿ ಗ್ರಾಹಕರೊಬ್ಬರ ಕಡೆಯಿಂದ ಭದ್ರತಾ ಲೆಕ್ಕಪರಿಶೋಧನೆಗೆ ಬಂದವರು ಪ್ಯಾಕೇಜ್‌ಗಳ ಪಟ್ಟಿ ಹಿಡಿದು, ಈ ದೋಷಕ್ಕೆ ಪ್ಯಾಚ್ ಹೊರಬಂದು ಆರು ವಾರವಾಯಿತು, ನಿಮ್ಮಲ್ಲಿ ಏಕೆ ಹಾಕಿಲ್ಲ ಎಂದು ಕೇಳಿದರು. ನಮಗೆ ಬರುವುದು ಸ್ವಯಂಸೇವಕರಿಂದ, ಅವರಿನ್ನೂ ಕೊಟ್ಟಿಲ್ಲ ಎಂದು ಉತ್ತರಿಸಿದೆ. ಆ ಉತ್ತರವನ್ನು ಅವರು ಬರೆದುಕೊಂಡ ಬಗೆ ನನಗೆ ಈಗಲೂ ನೆನಪಿದೆ. ಕೊನೆಗೆ ಮೂರು ಪ್ಯಾಕೇಜ್‌ಗಳನ್ನು ರೆಡ್‌ಹ್ಯಾಟ್‌ನ ಸೋರ್ಸ್‌ನಿಂದ ನಾನೇ ಕಟ್ಟಿ ಹಾಕಿದೆ.

ಪಿಂಗ್‌ಪುಟ್ಟ | 20 ಜೂನ್ 2011, ಮಧ್ಯಾಹ್ನ 2.52

ಮೂರು ಪ್ಯಾಕೇಜ್ ನೀವು ಕಟ್ಟಬಲ್ಲಿರಾದರೆ ಅವರು ಎರಡು ಸಾವಿರ ಕಟ್ಟಲು ಏಳು ತಿಂಗಳು ಏಕೆ ಬೇಕು ಸ್ವಾಮಿ? ಸೋರ್ಸ್ ಇದೆ, ಕಂಪೈಲರ್ ಇದೆ, ಒಂದು ಸ್ಕ್ರಿಪ್ಟ್ ಓಡಿಸಿ ಮಲಗಿದರಾಯಿತು.

ಡಬ್ಲಿನ್ ಕನ್ನಡತಿ | 20 ಜೂನ್ 2011, ಸಂಜೆ 4.15

ಪಿಂಗ್‌ಪುಟ್ಟ ಅವರೇ, ನಾನು ನಮ್ಮ ಕಚೇರಿಯ ಬಳಕೆಗಾಗಿ ಅಂಥ ಸ್ಕ್ರಿಪ್ಟ್ ಓಡಿಸಿ ಮಲಗಿದವಳು. ಬೆಳಿಗ್ಗೆ ಎದ್ದಾಗ ಕಂಡದ್ದನ್ನು ಹೇಳುತ್ತೇನೆ.

ಒಂದು ಪ್ಯಾಕೇಜ್ ಕಟ್ಟಬೇಕಾದರೆ ಅದಕ್ಕಿಂತ ಮುಂಚೆ ಹತ್ತಾರು ಪ್ಯಾಕೇಜ್‌ಗಳು ಯಂತ್ರದಲ್ಲಿ ಇರಬೇಕು. ರೆಡ್‌ಹ್ಯಾಟ್ 6ರ ಬುನಾದಿ ಫೆಡೋರಾ ಎಂಬ ಉಚಿತ ಲಿನಕ್ಸ್‌ನ 12ನೆಯ ಆವೃತ್ತಿ, ಜೊತೆಗೆ 13ರಿಂದಲೂ ಸಾಕಷ್ಟು ತೆಗೆದುಕೊಂಡಿದ್ದಾರೆ. ಅವರು ಕಟ್ಟುವಾಗ ಯಂತ್ರದಲ್ಲಿ ಇಟ್ಟುಕೊಂಡಿದ್ದ ಕೆಲವು ಪ್ಯಾಕೇಜ್‌ಗಳು ನಮಗೆ ಕೊಡುವ ಡಿವಿಡಿಯಲ್ಲಿ ಇಲ್ಲ, ಸೋರ್ಸ್‌ನ ಪಟ್ಟಿಯಲ್ಲಿಯೂ ಇಲ್ಲ. ಯಾವುದು, ಯಾವ ಆವೃತ್ತಿ, ಯಾವ ಅನುಕ್ರಮದಲ್ಲಿ ಎಂಬುದನ್ನು ಊಹಿಸಿ, ಕಟ್ಟಿ, ಫಲಿತಾಂಶವನ್ನು ಮೂಲದೊಂದಿಗೆ ಹೋಲಿಸಿ ನೋಡಬೇಕು. ಹೋಲಿಸುವುದೆಂದರೆ ಓಡುತ್ತದೆಯೇ ಎಂದು ನೋಡುವುದಲ್ಲ. ಅದೇ ಲೈಬ್ರರಿಗಳಿಗೆ, ಅವುಗಳ ಅದೇ ಆವೃತ್ತಿಗಳಿಗೆ ಕೊಂಡಿ ಹಾಕಿಕೊಂಡಿದೆಯೇ ಎಂದು ನೋಡುವುದು. ಒಂದು ಲೈಬ್ರರಿ ಕಟ್ಟುವ ಹೊತ್ತಿಗೆ ಅಲ್ಲಿರದಿದ್ದರೆ ಎಷ್ಟೋ ಪ್ಯಾಕೇಜ್‌ಗಳು ದೂರು ಹೇಳದೆ, ಆ ಸೌಲಭ್ಯವನ್ನೇ ಬಿಟ್ಟು ಕಟ್ಟಿಕೊಂಡುಬಿಡುತ್ತವೆ. ಕಂಪೈಲರ್ ನಗುತ್ತಲೇ ಮುಗಿಸುತ್ತದೆ, ಆರು ತಿಂಗಳ ಬಳಿಕ ಯಾರದೋ ಸರ್ವರ್ ಅಳುತ್ತದೆ. ಸೆಂಟ್‌ಓಎಸ್‌ನವರು ಕೊಡುವ ಭರವಸೆ ಮೂಲದ ದೋಷವೂ ನಕಲಿನಲ್ಲಿ ಹಾಗೆಯೇ ಇರುತ್ತದೆ ಎಂಬುದು. ಒಂದು ದೋಷವನ್ನು ಹಾಗೆಯೇ ಉಳಿಸಿಕೊಳ್ಳುವುದು ಅದನ್ನು ತಿದ್ದುವುದಕ್ಕಿಂತ ಕಷ್ಟವಾಗಬಲ್ಲದು ಎಂದು ನನಗೆ ಗೊತ್ತಾದದ್ದು ಆಗಲೇ.

ಇದರ ಮೇಲೆ ರೆಡ್‌ಹ್ಯಾಟ್‌ನ ಹೆಸರು, ಕೆಂಪು ಟೋಪಿಯ ಗುರುತು ಎಲ್ಲೆಲ್ಲಿವೆಯೋ ಹುಡುಕಿ ತೆಗೆಯಬೇಕು, ಅದು ಟ್ರೇಡ್‌ಮಾರ್ಕ್‌ನ ಪ್ರಶ್ನೆ. ಇದೇ ಅವಧಿಯಲ್ಲಿ ಅವರ ತಲೆಯ ಮೇಲೆ 5.6 ಮತ್ತು 4.9 ಕೂಡ ಇದ್ದವು. ಈಗಾಗಲೇ ಬಳಕೆಯಲ್ಲಿರುವವರಿಗೆ ಮೊದಲು ಎಂದು ಅವೆರಡನ್ನು ಮುಗಿಸಿ 6ಕ್ಕೆ ಬಂದರು. ಆ ನಿರ್ಧಾರ ಸರಿ ಎಂದೇ ನನ್ನ ಅಭಿಪ್ರಾಯ.

ಜೀರೋಡೇ, ಮೈಸೂರು | 20 ಜೂನ್ 2011, ಸಂಜೆ 5.02

ಇಷ್ಟೆಲ್ಲ ಹೇಳಿದಿರಿ, ಮುಖ್ಯ ಕಾರಣವನ್ನೇ ಬಿಟ್ಟಿರಿ. ರೆಡ್‌ಹ್ಯಾಟ್ 6ರಿಂದ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಪ್ಯಾಚ್‌ಗಳನ್ನು ಬಿಡಿಬಿಡಿಯಾಗಿ ಕೊಡುವುದನ್ನು ನಿಲ್ಲಿಸಿ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕೊಡುತ್ತಿದೆ. ಸೆಂಟ್‌ಓಎಸ್‌ನ ಕತ್ತು ಹಿಸುಕಲೆಂದೇ ಮಾಡಿದ್ದು ಇದು.

ಡಬ್ಲಿನ್ ಕನ್ನಡತಿ | 20 ಜೂನ್ 2011, ಸಂಜೆ 5.31

ಗಂಟು ಕಟ್ಟಿದ್ದು ನಿಜ, ಪರಿಣಾಮ ನೀವು ಹೇಳಿದ್ದಲ್ಲ. ಸೆಂಟ್‌ಓಎಸ್‌ನವರು ಆ ಗಂಟನ್ನು ಬಿಚ್ಚುವುದೇ ಇಲ್ಲ. ಇದ್ದ ಹಾಗೆ ಕಂಪೈಲ್ ಮಾಡುತ್ತಾರೆ. ಪ್ಯಾಚ್‌ಗಳು ಬಿಡಿಯಾಗಿ ಬೇಕಾಗುವುದು ಅದೇ ಕರ್ನಲ್‌ಗೆ ತಾವೇ ಬೆಂಬಲ ಮಾರಲು ಹೊರಟವರಿಗೆ, ಅಂದರೆ ಒರೇಕಲ್‌ನಂಥವರಿಗೆ. ತಮ್ಮ ಗ್ರಾಹಕರ ಬಳಿಯೇ ಹೋಗಿ ಅವರನ್ನು ಸೆಳೆಯುವ ಪ್ರತಿಸ್ಪರ್ಧಿಗಳಿಂದಾಗಿ ಹೀಗೆ ಮಾಡಿದೆವು ಎಂದು ರೆಡ್‌ಹ್ಯಾಟ್ ಮಾರ್ಚ್‌ನಲ್ಲಿ ತಾನೇ ಹೇಳಿತ್ತು.

ಜೀರೋಡೇ, ಮೈಸೂರು | 20 ಜೂನ್ 2011, ಸಂಜೆ 5.40

ಸರಿ, ಕರ್ನಲ್‌ನ ಮಾತು ಹಿಂದಕ್ಕೆ ತೆಗೆದುಕೊಂಡೆ. ಉದ್ದೇಶದ ಬಗ್ಗೆ ನನ್ನ ಅನುಮಾನ ನನಗಿರಲಿ.

ಅಜ್ಜಂಪುರದ ಅಡ್ಮಿನ್ | 20 ಜೂನ್ 2011, ರಾತ್ರಿ 8.10

ಓದುತ್ತಾ ಬಂದೆ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆ ನಮ್ಮ ಹಿರಿಯರು ಸುಮ್ಮನೆ ಮಾಡಿದ್ದಲ್ಲ. ಅವರಿಗೆ ಯಾರೂ ಸಂಬಳ ಕೊಡುವುದಿಲ್ಲ. ಹಗಲು ಬೇರೆ ಉದ್ಯೋಗ ಮಾಡಿ, ರಾತ್ರಿ ಕುಳಿತು ನಮಗಾಗಿ ಕಟ್ಟುತ್ತಾರೆ. ಅವಸರವಿರುವವರು ರೆಡ್‌ಹ್ಯಾಟ್‌ಗೆ ವರ್ಷಕ್ಕೆ ನೂರಾರು ಡಾಲರ್ ಕೊಟ್ಟು ಕೊಂಡುಕೊಳ್ಳಲಿ.

ಕಡಲತಡಿ, ಮಂಗಳೂರು | 20 ಜೂನ್ 2011, ರಾತ್ರಿ 8.33

ದಟ್ಟಿ ಉಟ್ಟುಕೊಂಡು ಸಂತೆಯ ನಡುವೆ ನಿಂತವನು ಮೊಳ ಹಾಕದೆ ಇರಲಾರ ಅಡ್ಮಿನ್ನರೇ. ತಡವಾದದ್ದಕ್ಕೆ ನಾನು ಒಂದು ಮಾತೂ ಬೈದಿಲ್ಲ. ಇಂತಿಂಥ ಪ್ಯಾಕೇಜ್‌ನಲ್ಲಿ ಸಿಕ್ಕಿಕೊಂಡಿದ್ದೇವೆ, ಇಷ್ಟು ಮುಗಿದಿದೆ, ಇಷ್ಟು ಉಳಿದಿದೆ ಎಂದು ವಾರಕ್ಕೊಮ್ಮೆ ನಾಲ್ಕು ಸಾಲು ಬರೆದಿದ್ದರೆ ನಾನು ಜನವರಿಯಲ್ಲೇ ಬೇರೆ ವ್ಯವಸ್ಥೆ ಮಾಡಿಕೊಳ್ಳುತ್ತಿದ್ದೆ. ಪ್ರತಿ ಸಲವೂ ಇನ್ನೇನು ಬಂದೇ ಬಿಟ್ಟಿತು ಎಂಬ ಧಾಟಿಯಲ್ಲಿ ಮಾತನಾಡಿದ್ದರಿಂದಲೇ ನಾನು ಕಾದದ್ದು. ಹೆಸರಿನಲ್ಲಿಯೇ ಕಮ್ಯುನಿಟಿ ಎಂದು ಇಟ್ಟುಕೊಂಡ ಮೇಲೆ, ನಾವು ಕೈಜೋಡಿಸುತ್ತೇವೆ ಎಂದವರಿಗೆ ಕಟ್ಟುವ ಮನೆಯ ಬಾಗಿಲನ್ನಾದರೂ ತೋರಿಸಬೇಕಲ್ಲವೇ?

ಅಜ್ಜಂಪುರದ ಅಡ್ಮಿನ್ | 20 ಜೂನ್ 2011, ರಾತ್ರಿ 8.50

ಬಾಗಿಲು ತೆರೆದರೆ ಕೆಲಸಕ್ಕೆ ಬರುವವರು ಇಬ್ಬರು, ಯಾವಾಗ ಮುಗಿಯುತ್ತದೆ ಎಂದು ಕೇಳಲು ಬರುವವರು ಇನ್ನೂರು.

ರೂಟ್‌ರಾಯ, ಬೆಂಗಳೂರು | 20 ಜೂನ್ 2011, ರಾತ್ರಿ 9.18

ಇಬ್ಬರ ಮಾತಿನಲ್ಲಿಯೂ ಹುರುಳಿದೆ, ಆದರೆ 2009ನ್ನು ಮರೆಯಬಾರದು. ಆ ವರ್ಷ ಜುಲೈ ಕೊನೆಯಲ್ಲಿ ಸೆಂಟ್‌ಓಎಸ್‌ನ ಡೆವಲಪರ್‌ಗಳು ತಮ್ಮ ಸ್ಥಾಪಕರಲ್ಲೊಬ್ಬರಿಗೆ ಬಹಿರಂಗ ಪತ್ರ ಬರೆಯಬೇಕಾಯಿತು, ಏಕೆಂದರೆ ಡೊಮೇನ್ ಹೆಸರು, ದೇಣಿಗೆಯ ಖಾತೆ ಎಲ್ಲವೂ ಅವರ ಕೈಯಲ್ಲಿದ್ದು, ಅವರೇ ಸಂಪರ್ಕಕ್ಕೆ ಸಿಗುತ್ತಿರಲಿಲ್ಲ. ಕೆಲವೇ ದಿನಗಳಲ್ಲಿ ಬಗೆಹರಿಯಿತೆನ್ನಿ. ಜಗತ್ತಿನ ಅಷ್ಟೊಂದು ಸರ್ವರ್‌ಗಳು ಬೆರಳೆಣಿಕೆಯ ಜನರ ಮೇಲೆ ನಿಂತಿವೆ ಎಂಬುದು ನನಗೆ ಅರಿವಾದದ್ದು ಆ ಪತ್ರ ಓದಿದ ದಿನ. ಅಂದಿನಿಂದ ನಮ್ಮಲ್ಲಿ ಮುಖ್ಯವಾದ ಎರಡು ಡೇಟಾಬೇಸ್ ಸರ್ವರ್‌ಗಳಿಗೆ ಹಣ ಕೊಟ್ಟು ರೆಡ್‌ಹ್ಯಾಟ್ ತೆಗೆದುಕೊಂಡಿದ್ದೇವೆ, ಉಳಿದ ಮೂವತ್ತಕ್ಕೆ ಸೆಂಟ್‌ಓಎಸ್.

ನೇಸರ | 21 ಜೂನ್ 2011, ಬೆಳಿಗ್ಗೆ 9.05

ಸೈಂಟಿಫಿಕ್ ಲಿನಕ್ಸ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ಅದೂ ರೆಡ್‌ಹ್ಯಾಟ್ ಸೋರ್ಸ್‌ನದೇ. ಅಮೆರಿಕದ ಫರ್ಮಿಲ್ಯಾಬ್ ಮತ್ತು ಸ್ವಿಟ್ಜರ್ಲೆಂಡಿನ ಸೆರ್ನ್ ಅದರ ಹಿಂದಿವೆ. 6.0 ಮಾರ್ಚ್ 3ಕ್ಕೇ ಬಂದಿದೆ. ನಾನು ನಾಲ್ಕು ಯಂತ್ರಗಳಲ್ಲಿ ಹಾಕಿ ಮೂರು ತಿಂಗಳಾಯಿತು, ಒಂದು ದಿನವೂ ತೊಂದರೆ ಕೊಟ್ಟಿಲ್ಲ. ಅಲ್ಲಿ ಸಂಬಳ ಪಡೆದು ಅದೇ ಕೆಲಸ ಮಾಡುವವರಿದ್ದಾರೆ. ಇನ್ನೊಂದು ದೊಡ್ಡ ಅನುಕೂಲವೆಂದರೆ, ಹಳೆಯ ಉಪ ಆವೃತ್ತಿಯಲ್ಲಿ ಇದ್ದವರಿಗೂ ಅವರು ಭದ್ರತಾ ಪ್ಯಾಚ್ ಕಟ್ಟಿ ಕೊಡುತ್ತಾರೆ. ಕಡಲತಡಿಯವರ 85 ದಿನದ ಗೋಳು ಅಲ್ಲಿ ಬರುವುದಿಲ್ಲ.

ಜೀರೋಡೇ, ಮೈಸೂರು | 21 ಜೂನ್ 2011, ಬೆಳಿಗ್ಗೆ 9.22

ಒರೇಕಲ್ ಲಿನಕ್ಸ್ 6 ಫೆಬ್ರವರಿಯಲ್ಲೇ ಬಂದಿದೆ, ಡಿವಿಡಿ ಉಚಿತ.

ರೂಟ್‌ರಾಯ, ಬೆಂಗಳೂರು | 21 ಜೂನ್ 2011, ಬೆಳಿಗ್ಗೆ 9.30

ಡಿವಿಡಿ ಉಚಿತ, ಆಮೇಲಿನ ತಿದ್ದುಪಡಿಗಳಿಗೆ ಬೆಂಬಲದ ಚಂದಾ ಬೇಕು. ಮದುವೆಗೆ ಕರೆದು ಊಟಕ್ಕೆ ಟಿಕೆಟ್ ಇಟ್ಟ ಹಾಗೆ.

ಬೆಳ್ಳಿಚುಕ್ಕಿ | 21 ಜೂನ್ 2011, ಬೆಳಿಗ್ಗೆ 10.14

ನಾನು ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್ ಬಳಸುವವನು. ನಮ್ಮ 6.0 ಫೆಬ್ರವರಿ 6ರಂದು ಬಂತು. ಯಾರ ಸೋರ್ಸ್‌ಗೂ ಕಾಯಲಿಲ್ಲ, ಯಾರ ಗುರುತನ್ನೂ ಕೆರೆಯಲಿಲ್ಲ. ಸುಮ್ಮನೆ ಹೇಳಿದೆ.

ನೇಸರ | 21 ಜೂನ್ 2011, ಬೆಳಿಗ್ಗೆ 10.25

ಪ್ರತಿ ಚರ್ಚೆಯಲ್ಲಿಯೂ ಡೆಬಿಯನ್‌ನವರು ಸುಮ್ಮನೆ ಹೇಳುತ್ತಾರೆ. ನಮ್ಮ ಸ್ಟೋರೇಜ್ ಪೂರೈಕೆದಾರರು ತಮ್ಮ ಡ್ರೈವರ್ ಕೊಡುವುದು ರೆಡ್‌ಹ್ಯಾಟ್‌ಗೆ ಮಾತ್ರ. ಸೆಂಟ್‌ಓಎಸ್ ಎಂದರೆ ಮುಖ ಸಿಂಡರಿಸಿಕೊಂಡಾದರೂ ನೋಡುತ್ತಾರೆ, ಡೆಬಿಯನ್ ಎಂದರೆ ಫೋನ್ ಇಡುತ್ತಾರೆ.

ನಿರ್ವಾಹಕ | 21 ಜೂನ್ 2011, ಬೆಳಿಗ್ಗೆ 10.40

ಯಾವ ಲಿನಕ್ಸ್ ಶ್ರೇಷ್ಠ ಎಂಬ ಚರ್ಚೆಗೆ ಬೇರೆ ಎಳೆ ಇದೆ. ಇಲ್ಲಿ 6ರ ವಿಷಯ ಮಾತ್ರ ಇರಲಿ.

ಹುಬ್ಬಳ್ಳಿಯವ | 21 ಜೂನ್ 2011, ಬೆಳಿಗ್ಗೆ 11.18

6ರ ವಿಷಯವೇ ಕೇಳುತ್ತೇನೆ. ನಮ್ಮ ಕಚೇರಿಯಲ್ಲಿ ಐದು ಯಂತ್ರಗಳು ಝೆನ್ ಮೇಲೆ, ಅಂದರೆ ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಯಂತ್ರಗಳನ್ನು ನಡೆಸುವ ತಂತ್ರಾಂಶದ ಮೇಲೆ, ಓಡುತ್ತಿವೆ. 6ರಲ್ಲಿ ಝೆನ್ ಹೋಸ್ಟ್ ಇಲ್ಲ, ಅದೇ ಕೆಲಸ ಮಾಡುವ ಕೆವಿಎಂ ಒಂದೇ ಎನ್ನುತ್ತಾರೆ. ನಮ್ಮಲ್ಲಿ ಎರಡು ಹಳೆಯ ಸರ್ವರ್‌ಗಳ ಪ್ರೊಸೆಸರ್‌ನಲ್ಲಿ ವರ್ಚುವಲೈಸೇಶನ್ ಸೌಲಭ್ಯವೇ ಇಲ್ಲ. ಅವುಗಳ ಗತಿ?

ಡಬ್ಲಿನ್ ಕನ್ನಡತಿ | 21 ಜೂನ್ 2011, ಮಧ್ಯಾಹ್ನ 1.50

ಆ ಎರಡು 5ರಲ್ಲಿಯೇ ಇರಲಿ. ಕೆವಿಎಂಗೆ ಪ್ರೊಸೆಸರ್‌ನ ಬೆಂಬಲ ಬೇಕೇ ಬೇಕು. ಝೆನ್ ತನ್ನ ಪ್ಯಾರಾವರ್ಚುವಲ್ ವಿಧಾನದಲ್ಲಿ ಅದಿಲ್ಲದೆಯೂ ನಡೆಸುತ್ತಿತ್ತು. ಉಳಿದ ಮೂರಕ್ಕಾಗಿ ನೀವು 6ನ್ನು ಕಾಯಬೇಕಿಲ್ಲ, ಕೆವಿಎಂ 5.4ರಿಂದಲೇ 5ರಲ್ಲಿಯೂ ಇದೆ. ಒಂದರಲ್ಲಿ ಈಗಲೇ ಹಾಕಿ ಕೈ ಪಳಗಿಸಿಕೊಳ್ಳಿ.

6ರಲ್ಲಿ ನಾನು ಎದುರು ನೋಡುತ್ತಿರುವುದು ಎಕ್ಸ್ಟ್4 ಕಡತ ವ್ಯವಸ್ಥೆಯನ್ನು. ಎರಡು ಟೆರಾಬೈಟಿನ ಎಕ್ಸ್ಟ್3 ಡಿಸ್ಕ್ ಕರೆಂಟ್ ಹೋಗಿ ಕೆಟ್ಟು, ಪೂರ್ತಿ ತಪಾಸಣೆಗೆ ಕುಳಿತಾಗ ಅದರ ಮುಂದೆ ರಾತ್ರಿಯಿಡೀ ಕುಳಿತವರಿಗೆ ನನ್ನ ಮಾತು ಅರ್ಥವಾದೀತು. ಎಕ್ಸ್ಟ್4 ಇನ್ನೂ ಬಳಸದ ಭಾಗಗಳನ್ನು ಬಿಟ್ಟು ಮುಂದೆ ಹೋಗುತ್ತದೆ.

ಹುಬ್ಬಳ್ಳಿಯವ | 21 ಜೂನ್ 2011, ಮಧ್ಯಾಹ್ನ 2.03

ಡಬ್ಲಿನ್‌ನಲ್ಲಿಯೂ ಕರೆಂಟ್ ಹೋಗುತ್ತದೆಯೇ ಅಕ್ಕ?

ಡಬ್ಲಿನ್ ಕನ್ನಡತಿ | 21 ಜೂನ್ 2011, ಮಧ್ಯಾಹ್ನ 2.10

ಅದು ನಾನು ದಾವಣಗೆರೆಯಲ್ಲಿದ್ದಾಗಿನ ಕಥೆ.

ತುಂಗಾತೀರ, ಶಿವಮೊಗ್ಗ | 27 ಜೂನ್ 2011, ಬೆಳಿಗ್ಗೆ 10.30

ಎಲ್ಲರ ಸಲಹೆ ಓದಿ ಒಂದು ಸರ್ವರ್‌ಗೆ ಸೈಂಟಿಫಿಕ್ ಲಿನಕ್ಸ್ 6.0 ಹಾಕಿದೆ. ನೇಸರ ಅವರು ಹೇಳಿದಂತೆ ಚೆನ್ನಾಗಿಯೇ ಇದೆ. ಇನ್ನೊಂದನ್ನು ಪೆಟ್ಟಿಗೆಯಲ್ಲೇ ಬಿಟ್ಟಿದ್ದೇನೆ. ಏಕೆಂದು ಕೇಳಿದರೆ ಉತ್ತರವಿಲ್ಲ. ಮೂರು ವರ್ಷ ಕೈಹಿಡಿದ ಸೆಂಟ್‌ಓಎಸ್ ಮೇಲಿನ ಋಣ ಎಂದುಕೊಳ್ಳಿ.

ರೂಟ್‌ರಾಯ, ಬೆಂಗಳೂರು | 5 ಜುಲೈ 2011, ಬೆಳಿಗ್ಗೆ 9.50

ಕಾಯುವವರ ಸಾಲಿಗೆ ಹೊಸಬರು ಸೇರುತ್ತಿದ್ದಾರೆ. ಬ್ಲಾಗ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್ 3.2 ನಿನ್ನೆ ಬಂತು, ಕನಿಷ್ಠ ಪಿಎಚ್‌ಪಿ 5.2.4 ಬೇಕಂತೆ. 5ರಲ್ಲಿ ಮೂಲ 5.1.6 ಇಟ್ಟುಕೊಂಡವರೆಲ್ಲ ಬೆಳಗಿನಿಂದ ಫೋನ್ ಮಾಡುತ್ತಿದ್ದಾರೆ. ಪಿಎಚ್‌ಪಿ53 ಎಂದು ಹೇಳಿ ಹೇಳಿ ಬಾಯಿ ಒಣಗಿತು. ಅದನ್ನೇ ಬರೆದು ಈ ಎಳೆಗೆ ಅಂಟಿಸಿದ್ದೇನೆ, ಮೇಲಿನ ನನ್ನ ಮೊದಲ ಉತ್ತರ ನೋಡಿ.

ಪಿಂಗ್‌ಪುಟ್ಟ | 11 ಜುಲೈ 2011, ಬೆಳಿಗ್ಗೆ 7.02

ಬಂತು! ಬಂತು! 6.0 ಬಂತು! ಸೆಂಟ್‌ಓಎಸ್ ತಂಡದ ಕರಣ್‌ಬೀರ್ ಸಿಂಗ್ ಅವರ ಪ್ರಕಟಣೆ ಹೊರಟಿದೆ. ಜುಲೈ 10, ಅಂದರೆ 242ನೆಯ ದಿನ.

ಅಜ್ಜಂಪುರದ ಅಡ್ಮಿನ್ | 11 ಜುಲೈ 2011, ಬೆಳಿಗ್ಗೆ 7.40

ಇಷ್ಟು ದಿನ ಬೈದವರೆಲ್ಲ ಡೌನ್‌ಲೋಡ್ ಸಾಲಿನಲ್ಲಿ ಮುಂದೆ ನಿಂತಿದ್ದಾರೆ. ಪ್ರತಿ ಹಂಚುವ ಮಿರರ್ ಸರ್ವರ್‌ಗಳು ತತ್ತರಿಸುತ್ತಿವೆ. ದಯವಿಟ್ಟು ಬಳಕೆದಾರರೇ ಪರಸ್ಪರ ಹಂಚಿಕೊಳ್ಳುವ ಟೊರೆಂಟ್ ಬಳಸಿ, ಇಳಿಸಿಕೊಂಡ ಮೇಲೆ ಒಂದೆರಡು ದಿನ ಹಾಗೆಯೇ ಬಿಡಿ. ಕೈಜೋಡಿಸುತ್ತೇವೆ ಎಂದಿರಲ್ಲ, ಇದೂ ಕೈಜೋಡಿಸುವುದೇ.

ಕಡಲತಡಿ, ಮಂಗಳೂರು | 11 ಜುಲೈ 2011, ಬೆಳಿಗ್ಗೆ 8.15

ಟೊರೆಂಟ್ ಹಾಕಿದ್ದೇನೆ, ಬಿಟ್ಟೂ ಇರುತ್ತೇನೆ. ಆದರೆ ಸಂಭ್ರಮದ ನಡುವೆ ಒಂದು ಮಾತು. ರೆಡ್‌ಹ್ಯಾಟ್ 6.1 ಬಂದದ್ದು ಮೇ 19ಕ್ಕೆ. ಅಂದರೆ ನಮಗೆ ಇವತ್ತು ಸಿಕ್ಕಿರುವ 6.0 ಹುಟ್ಟುವಾಗಲೇ 52 ದಿನ ಹಿಂದಿದೆ, ಆ ದಿನದ ಈಚೆಗಿನ ಪ್ಯಾಚ್‌ಗಳು 6.1ರ ಮೇಲೆ ಕಟ್ಟಿದವು. ಇಂಟರ್‌ನೆಟ್‌ಗೆ ಮುಖ ಮಾಡಿದ ಸರ್ವರ್‌ಗೆ ಹಾಕುವ ಮುಂಚೆ ಇದನ್ನು ಯೋಚಿಸಿ. ನಾನು 6.1 ಬರುವವರೆಗೆ ಒಳಗಿನ ಯಂತ್ರಗಳಿಗೆ ಮಾತ್ರ ಹಾಕುತ್ತೇನೆ.

ಜೀರೋಡೇ, ಮೈಸೂರು | 11 ಜುಲೈ 2011, ಬೆಳಿಗ್ಗೆ 8.21

ಹಾಗಾದರೆ ಹೊಸ ಎಳೆ ತೆರೆಯೋಣವೇ? ಸೆಂಟ್‌ಓಎಸ್ 6.1 ಯಾವಾಗ?

ನಿರ್ವಾಹಕ | 11 ಜುಲೈ 2011, ಬೆಳಿಗ್ಗೆ 8.25

ಒಂದು ವಾರವಾದರೂ ತಡೆಯಿರಿ.

ತುಂಗಾತೀರ, ಶಿವಮೊಗ್ಗ | 13 ಜುಲೈ 2011, ಸಂಜೆ 4.48

ನಾಲ್ಕು ಜಿಬಿಗೂ ಮಿಕ್ಕ ಡಿವಿಡಿ ನಮ್ಮ ಕಾಲೇಜಿನ ಇಂಟರ್‌ನೆಟ್‌ನಲ್ಲಿ ಇಳಿಯಲು ಎರಡು ರಾತ್ರಿ ಬೇಕಾಯಿತು. ಇಂದು ಮಧ್ಯಾಹ್ನ ಪ್ರಾಂಶುಪಾಲರ ಎದುರಿನಲ್ಲಿಯೇ ಎರಡನೆಯ ಪೆಟ್ಟಿಗೆ ಬಿಚ್ಚಿ, ಮಿನಿಮಲ್ ಆಯ್ಕೆಯಲ್ಲಿ 6.0 ಹಾಕಿದೆ. ಇನ್‌ಸ್ಟಾಲ್ ಸುಸೂತ್ರವಾಗಿ ಮುಗಿಯಿತು, ರೀಬೂಟ್ ಆಯಿತು, ಲಾಗಿನ್ ಆದೆ. ನೆಟ್‌ವರ್ಕ್ ಮಾತ್ರ ಇಲ್ಲ. ಕೇಬಲ್ ಬದಲಿಸಿದೆ, ಸ್ವಿಚ್‌ನ ಪೋರ್ಟ್ ಬದಲಿಸಿದೆ. ಅವರು ಇನ್ನೂ ಕುರ್ಚಿ ಬಿಟ್ಟು ಎದ್ದಿಲ್ಲ. ಯಾರಾದರೂ ಬೇಗ ಹೇಳಿ.

ನೇಸರ | 13 ಜುಲೈ 2011, ಸಂಜೆ 4.51

ಕಾರ್ಡ್ ಕೆಟ್ಟಿಲ್ಲ. ನೆಟ್‌ವರ್ಕ್-ಸ್ಕ್ರಿಪ್ಟ್ಸ್ ಡೈರೆಕ್ಟರಿಯಲ್ಲಿ ಐಎಫ್‌ಸಿಎಫ್‌ಜಿ-ಇಟಿಎಚ್0 ಕಡತ ತೆರೆದು, ಆನ್‌ಬೂಟ್ ಎದುರಿಗೆ ನೋ ಎಂದಿರುವುದನ್ನು ಯೆಸ್ ಮಾಡಿ, ಸರ್ವಿಸ್ ರೀಸ್ಟಾರ್ಟ್ ಮಾಡಿ. ಇನ್‌ಸ್ಟಾಲ್ ಸಮಯದಲ್ಲಿ ನೆಟ್‌ವರ್ಕ್ ಹೊಂದಿಸದಿದ್ದರೆ 6ರಲ್ಲಿ ಅದು ತಾನಾಗಿ ಏಳುವುದಿಲ್ಲ. ಸೈಂಟಿಫಿಕ್‌ನಲ್ಲಿಯೂ ಹೀಗೆಯೇ ಇತ್ತಲ್ಲ, ಆಗ ಏನು ಮಾಡಿದಿರಿ?

ತುಂಗಾತೀರ, ಶಿವಮೊಗ್ಗ | 13 ಜುಲೈ 2011, ಸಂಜೆ 4.58

ಅದರಲ್ಲಿ ಇನ್‌ಸ್ಟಾಲ್ ಮಾಡುವಾಗಲೇ ವಿಳಾಸ ಕೊಟ್ಟಿದ್ದೆ. ಈಗ ನೆಟ್‌ವರ್ಕ್ ಬಂತು, ಪಿಂಗ್ ಹೋಗುತ್ತಿದೆ. ಪ್ರಾಂಶುಪಾಲರು ಏಳುತ್ತಾ, ಇಷ್ಟಕ್ಕೆ ಐದು ತಿಂಗಳು ಬೇಕಾಯಿತೇ ಎಂದು ಕೇಳಿ ಹೋದರು.